ರೇಡಿಯೋ ಸುಮ್ಮನಾದಾಗ

ಕೇಳುಗರಿಗೆಲ್ಲ ನಮಸ್ಕಾರ.

ಶಾಲೆಗೆ ಯಂತ್ರ ಬಂದ ಕಥೆ ಹೇಳೋಣ ಅಂತ ಕೂತಿದ್ದೇನೆ. ಸ್ಮಾರ್ಟ್ ಬೋರ್ಡು, ಟ್ಯಾಬು, ಈಗ ಹೊಸದಾಗಿ ಎಐ. ಇವೆಲ್ಲ ನಿನ್ನೆ ಮೊನ್ನೆಯ ಸಮಾಚಾರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಿರಿಯರನ್ನು ಕೇಳಿ ನೋಡಿ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದು 1981ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ಆ ಜಿಲ್ಲೆಗಳ ಹಳ್ಳಿಗಳಲ್ಲಿ ಮಕ್ಕಳು ಟೀವಿ ಮುಂದೆ ಕೂತು ಪಾಠ ನೋಡಿದ್ದರು!

ಅದು 'ಸೈಟ್' ಎಂಬ ಪ್ರಯೋಗ. 1975ರ ಆಗಸ್ಟ್ 1ರಂದು ಶುರುವಾಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಇಸ್ರೋದವರು ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟೀವಿ ಇಟ್ಟರು. ಹತ್ತಡಿ ಅಗಲದ ಆಂಟೆನಾ, ಕೋಳಿ ಗೂಡಿಗೆ ಹಾಕುತ್ತಾರಲ್ಲ, ಅಂಥ ತಂತಿ ಬಲೆಯದ್ದು. ಕರೆಂಟು ಇಲ್ಲದ ಊರಿಗೆ ಬ್ಯಾಟರಿ. ಇದರ ಕನಸು ಕಂಡಿದ್ದ ವಿಕ್ರಮ್ ಸಾರಾಭಾಯ್ ಮಾತ್ರ ನೋಡಲು ಇರಲಿಲ್ಲ. 1971ರಲ್ಲೇ ತೀರಿಕೊಂಡಿದ್ದರು.

ಬೆಳಗಿನ ಪ್ರಸಾರದ ಒಂದೂವರೆ ಗಂಟೆ ಹೊತ್ತು ಶಾಲಾ ಮಕ್ಕಳದ್ದು. ಅಷ್ಟರಲ್ಲೇ ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಮುಗಿಯಬೇಕು. ನಾನು ಲೆಕ್ಕದ ಮೇಷ್ಟ್ರು, ಭಾಗಾಕಾರ ಮಾಡಿಬಿಟ್ಟೆ. ಕನ್ನಡದ ಮಗುವಿನ ಪಾಲಿಗೆ ಬಂದಿದ್ದು ದಿನಕ್ಕೆ 22 ನಿಮಿಷ, 30 ಸೆಕೆಂಡು. ಮಗುವಿಗೆ ತಿಳಿಯಿತೋ ಇಲ್ಲವೋ, ಉಪಗ್ರಹಕ್ಕೇನು ಗೊತ್ತು? ಹೊತ್ತಾದ ಕೂಡಲೇ ಅದು ಇನ್ನೊಂದು ಭಾಷೆಗೆ ಹೊರಟುಬಿಡುತ್ತಿತ್ತು. 1976ರ ಜುಲೈ 31ಕ್ಕೆ ಅದೂ ವಾಪಸ್ಸು.

ಆಮೇಲೆ ಬಂದಿದ್ದು ಕಂಪ್ಯೂಟರು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅಂತ ಒಂದು ಯೋಜನೆ ತಂದಿತು. ಮೊದಲು ಇನ್ನೂರೈವತ್ತರಷ್ಟು ಶಾಲೆ. ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಎಂಬ ಯಂತ್ರ. ಅದರ ನೆನಪಿನ ಶಕ್ತಿ 32 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆಯುವ ಒಂದೇ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ನಮ್ಮಂಥ ಹಳ್ಳಿ ಶಾಲೆಗೆ ಕಂಪ್ಯೂಟರ್ ಬರುವ ಹೊತ್ತಿಗೆ ಇನ್ನೂ ಇಪ್ಪತ್ತು ವರ್ಷ ಕಳೆದಿತ್ತು. ಬಂದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದೆವು. ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ. ಬೀಗದ ಕೈ ಹೆಡ್‌ಮೇಷ್ಟ್ರ ಜೇಬಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮಾನಿಟರಿಗೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಕವರು. ಒಂದು ಯಂತ್ರಕ್ಕೆ ಹತ್ತು ಮಕ್ಕಳು, ಮೌಸ್ ಹಿಡಿಯುವವನು ಒಬ್ಬ, ಉಳಿದವರು ಅವನ ಹೆಗಲ ಮೇಲೆ. ಎರಡು ವರ್ಷಕ್ಕೆ ಯುಪಿಎಸ್ ಕೆಟ್ಟಿತು. ರಿಪೇರಿಗೆ ಯಾರನ್ನು ಕರೆಯಬೇಕು, ಯಾವ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಕೊನೆಗೆ ಆ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇಟ್ಟೆವು. ಬೀಗ ಹೇಗೂ ಗಟ್ಟಿಯಾಗಿತ್ತು.

ನಗಬೇಡಿ. ನಮ್ಮ ತಪ್ಪೂ ಇದೆ. ಬೀಗ ತೆಗೆದುಬಿಡಿ ಅಂತ ಹಟ ಹಿಡಿಯಬಹುದಿತ್ತು. ಮಕ್ಕಳ ಕೈಯಲ್ಲಿ ಕೆಟ್ಟರೆ ಯಾರು ತಲೆ ಕೊಡುವುದು ಅಂತ ಸುಮ್ಮನಿದ್ದೆವು. ಮಕ್ಕಳು ಮುಟ್ಟದೆಯೇ ಅದು ಕೆಟ್ಟಿತು, ಅಷ್ಟೆ.

ಅದೇ ಕಾಲದಲ್ಲಿ, ಅದೇ ಶಾಲೆಯಲ್ಲಿ, ಇನ್ನೊಂದು ಯಂತ್ರವೂ ಇತ್ತು. ಒಂದು ರೇಡಿಯೋ. ಅದಕ್ಕೆ ಪೂಜೆ ಗೀಜೆ ಏನೂ ಇಲ್ಲ. ಸೆಲ್ಲು ವೀಕಾದರೆ ಹೊರಗೆ ತೆಗೆದು ಕಟ್ಟೆಯ ಮೇಲೆ ಬಿಸಿಲಿಗಿಡುತ್ತಿದ್ದೆವು. ಆಕಾಶವಾಣಿಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ 'ಚಿನ್ನರ ಚುಕ್ಕಿ' ಅಂತ ಪಾಠ ಬರುತ್ತಿತ್ತು, ನಿಮ್ಮಲ್ಲಿ ಕೆಲವರಾದರೂ ಕೇಳಿಯೇ ಕಲಿತಿರುತ್ತೀರಿ.

ಈ ಪಾಠದ ಜೀವ ಎಲ್ಲಿತ್ತು ಅಂದರೆ, ರೇಡಿಯೋ ಸುಮ್ಮನಾಗುವ ಕಡೆ. ಒಳಗಿನ ದನಿ ಒಂದು ಪ್ರಶ್ನೆ ಕೇಳುತ್ತದೆ. ಕೇಳಿ, ಮೂರ್ನಾಲ್ಕು ಸೆಕೆಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಆ ಖಾಲಿ ಜಾಗದಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಕೂಗುತ್ತಾರೆ. ಕೂಡಲೇ ರೇಡಿಯೋ 'ಭಲೇ' ಅನ್ನುತ್ತದೆ. ಮಕ್ಕಳ ಮುಖ ನೋಡಬೇಕು ಆಗ! ರೇಡಿಯೋಕ್ಕೆ ನಮ್ಮ ಮಾತು ಕೇಳಿಸಿತು ಅಂತಲೇ ಅವರ ನಂಬಿಕೆ. ಅದು ಎದ್ದು ನಿಲ್ಲಿ ಅಂದರೆ ನಿಲ್ಲುತ್ತಿದ್ದರು. ಕುಣಿಯಿರಿ ಅಂದರೆ ಕುಣಿಯುತ್ತಿದ್ದರು. ನಾನು ಕುಣಿಯದಿದ್ದರೆ ಬಿಡುತ್ತಿರಲಿಲ್ಲ.

ಈ ಉಪಾಯ ಹಳೆಯದು. 1970ರ ದಶಕದಲ್ಲಿ ನಿಕರಾಗುವಾ ದೇಶದ ಶಾಲೆಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೇಡಿಯೋದಲ್ಲಿ ಗಣಿತ ಕಲಿಸಲು ಹೀಗೇ ಮಾಡಿದ್ದರು. ಪಾಠ ಬರೆಯುವಾಗಲೇ ಮಗು ಎಲ್ಲಿ ಬಾಯಿ ಬಿಡಬೇಕು ಅಂತ ಜಾಗ ಬಿಟ್ಟು ಬರೆಯುವುದು. ನೋಡಿ, ನಾನು ಈಗ ಹತ್ತು ನಿಮಿಷದಿಂದ ಒಂದೇ ಸಮನೆ ಮಾತಾಡುತ್ತಿದ್ದೇನೆ, ನಿಮಗೆಲ್ಲಿ ಜಾಗ ಬಿಟ್ಟೆ?

ಅಲ್ಲಿಂದ ಈಚೆಗೆ ನಮ್ಮ ದೇಶ ತುಂಬ ದೂರ ಬಂದಿದೆ. 2004ರ ಸೆಪ್ಟೆಂಬರ್ 20ರಂದು ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. 2017ರ ಶಿಕ್ಷಕರ ದಿನ 'ದೀಕ್ಷಾ' ಎಂಬ ಸರ್ಕಾರದ ಆನ್‌ಲೈನ್ ಪಾಠದ ತಾಣ ಶುರುವಾಯಿತು. ಪಠ್ಯಪುಸ್ತಕದ ಮೂಲೆಯಲ್ಲಿ ಕಪ್ಪು ಬಿಳಿ ಚೌಕ ಇರುತ್ತದಲ್ಲ, ಕ್ಯೂಆರ್ ಕೋಡು, ಅದಕ್ಕೆ ಫೋನು ಹಿಡಿದರೆ ವಿಡಿಯೋ ಬರುತ್ತದೆ. ಒಳ್ಳೆಯದೇ. ಆದರೆ ಕೇಂದ್ರ ಸರ್ಕಾರದ್ದೇ ಲೆಕ್ಕ ಹೇಳುತ್ತೇನೆ: 2023-24ರಲ್ಲಿ ದೇಶದ ಶಾಲೆಗಳಲ್ಲಿ ಇಂಟರ್‌ನೆಟ್ ಇದ್ದದ್ದು ನೂರಕ್ಕೆ 54ರಲ್ಲಿ.

ಕೊರೋನಾ ಕಾಲದಲ್ಲಿ ಇದು ಮನೆಮನೆಯಲ್ಲಿ ಗೊತ್ತಾಯಿತು. ಮನೆಗೊಂದೇ ಫೋನು, ಅದೂ ಅಪ್ಪನ ಜೊತೆ ಕೂಲಿಗೆ ಹೋಗುತ್ತದೆ. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. 2020ರಲ್ಲಿ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಮಾಡಿದರು. ಮೇಷ್ಟ್ರುಗಳೇ ಎದ್ದು ಗುಡಿಯ ಕಟ್ಟೆಗೆ, ಅರಳಿಮರದ ಬುಡಕ್ಕೆ ಹೋಗಿ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡರು. ಕೈಯಲ್ಲಿ ಫೋನು ಇತ್ತು, ಅದರಲ್ಲಿ ವಿಡಿಯೋ ತೋರಿಸುತ್ತಿದ್ದರು, ನಡುವೆ ನಿಲ್ಲಿಸಿ 'ಏನಾಯ್ತು ಹೇಳು' ಅನ್ನುತ್ತಿದ್ದರು. ಅಷ್ಟು ದುಬಾರಿ ಫೋನಿನಲ್ಲಿ ಅವತ್ತು ಜಾಸ್ತಿ ಕೆಲಸಕ್ಕೆ ಬಂದಿದ್ದು ನಿಲ್ಲಿಸುವ ಗುಂಡಿ ಅಂತ ನನಗೆ ಅನ್ನಿಸುತ್ತದೆ.

ರೇಡಿಯೋದಲ್ಲಿ ಆ ಗುಂಡಿ ಇರಲಿಲ್ಲ. ನಮ್ಮ ಎರಡನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಕುರಿ ಕಾಯುವವರ ಮಗಳು. ಎಲ್ಲದಕ್ಕೂ ಒಂದು ಗಳಿಗೆ ತಡ. ರೇಡಿಯೋ ಪ್ರಶ್ನೆ ಕೇಳುತ್ತಿತ್ತು, ಉಳಿದವರು ಕೂಗಿ ಮುಗಿಸುತ್ತಿದ್ದರು, 'ಭಲೇ' ಕೂಡ ಆಗಿಹೋಗುತ್ತಿತ್ತು. ಆಮೇಲೆ ಅವಳ ತುಟಿ ಅಲ್ಲಾಡುತ್ತಿತ್ತು. ಒಂದು ದಿನ 'ಏಳಕ್ಕೆ ಐದು ಸೇರಿಸಿದರೆ ಎಷ್ಟು' ಅಂತ ಬಂತು. ಎಲ್ಲರೂ ಹನ್ನೆರಡು ಅಂದರು. ಅವಳು ಇನ್ನೂ ಬೆರಳು ಮಡಚುತ್ತಲೇ ಇದ್ದಳು. ಎಡಗೈ ಮುಗಿಸಿ ಬಲಗೈಗೆ ಬಂದಿದ್ದಳು. ನಾನು ಹೋಗಿ ರೇಡಿಯೋದ ಕಿವಿ ಹಿಂಡಿ ದನಿ ಪೂರ್ತಿ ಇಳಿಸಿಬಿಟ್ಟೆ. ಕ್ಲಾಸೆಲ್ಲ ಸದ್ದಿಲ್ಲದೆ ಅವಳ ಕೈ ನೋಡುತ್ತಿತ್ತು. ಹತ್ತು ಬೆರಳೂ ಮುಗಿದವು. ಅವಳು ಒಮ್ಮೆ ನನ್ನ ಮುಖ ನೋಡಿದಳು, ಕೂತಲ್ಲೇ ಕಾಲು ಮುಂದೆ ಚಾಚಿ, ಕಾಲ್ಬೆರಳು ಎಣಿಸತೊಡಗಿದಳು.

ನಮಸ್ಕಾರ.