ಸ್ತರಗಳು ಸೇರುವ ಕಡೆ

ನಮಸ್ಕಾರ ಕೇಳುಗರೇ. ಬ್ಯಾಂಕು, ವಿಮೆ, ಟಿಕೆಟ್ ಬುಕಿಂಗ್‌ನಂಥ ದೊಡ್ಡ ತಂತ್ರಾಂಶಗಳನ್ನು ಸಾಮಾನ್ಯವಾಗಿ ಮೂರು ಸ್ತರಗಳಲ್ಲಿ ಕಟ್ಟುತ್ತಾರೆ. ಬಳಕೆದಾರರಿಗೆ ಕಾಣುವ ಪರದೆ ಒಂದು. ವ್ಯವಹಾರದ ನಿಯಮಗಳನ್ನು ನಡೆಸುವ ಅಪ್ಲಿಕೇಷನ್ ಸರ್ವರ್ ಇನ್ನೊಂದು. ಮಾಹಿತಿ ಕಾಪಾಡುವ ಡೇಟಾಬೇಸ್ ಮೂರನೆಯದು. ನಡುವಿನ ಸ್ತರಕ್ಕೆ ಬೇಕಾದ ಸವಲತ್ತುಗಳನ್ನು ಸಿದ್ಧವಾಗಿ ಕೊಡುವುದೇ ಪ್ಲಾಟ್‌ಫಾರ್ಮ್. 1999ರ ಕೊನೆಗೆ ಬಂದ ಜಾವಾ ಭಾಷೆಯ ಪ್ಲಾಟ್‌ಫಾರ್ಮ್ ಜೆ2ಇಇ ಇಂದು ಜಕಾರ್ತಾ ಇಇ ಎಂಬ ಹೆಸರಿನಲ್ಲಿದೆ. ಮೈಕ್ರೋಸಾಫ್ಟಿನ ಡಾಟ್‌ನೆಟ್ 2002ರಲ್ಲಿ ಬಂತು, ಜಾವಾದ್ದೇ ಆದ ಸ್ಪ್ರಿಂಗ್‌ನ ಮೊದಲ ಆವೃತ್ತಿ 2004ರಲ್ಲಿ, ಅದರ ಮೇಲೆ ಕಟ್ಟಿದ ಸ್ಪ್ರಿಂಗ್ ಬೂಟ್ 2014ರಲ್ಲಿ.

ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಕೊನೆಯಿಲ್ಲ. ಆದರೆ ವ್ಯವಸ್ಥೆ ಮುಗ್ಗರಿಸುವುದು ಬಹುಮಟ್ಟಿಗೆ ಎರಡು ಸ್ತರಗಳು ಸೇರುವ ಕಡೆ, ಅದರಲ್ಲೂ ಅಪ್ಲಿಕೇಷನ್ ಸರ್ವರ್ ಡೇಟಾಬೇಸನ್ನು ಮುಟ್ಟುವ ಕಡೆ. ಇವತ್ತು ಅದನ್ನಷ್ಟೇ ನೋಡೋಣ.

ಸ್ಪ್ರಿಂಗ್ ಬೂಟಿನ ಮಾಮೂಲು ಜೋಡಣೆಯಲ್ಲಿ ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ 200 ಥ್ರೆಡ್‌ಗಳವರೆಗೆ, ಅಂದರೆ ಒಂದೊಂದೂ ಒಂದು ಕೋರಿಕೆಯನ್ನು ನಡೆಸುವ ಎಳೆಗಳವರೆಗೆ, ಓಡಿಸುತ್ತದೆ. ಡೇಟಾಬೇಸಿನ ಸಂಪರ್ಕಗಳನ್ನು ತೆರೆದಿಟ್ಟು ಕೋರಿಕೆಗಳಿಗೆ ಹಂಚುವ ಹಿಕಾರಿ ಎಂಬ ಕನೆಕ್ಷನ್ ಪೂಲಿನಲ್ಲಿರುವುದು ಮಾತ್ರ 10 ಡೇಟಾಬೇಸ್ ಕನೆಕ್ಷನ್. 200 ಕೋರಿಕೆಗಳು ಒಟ್ಟಿಗೆ ಬಂದು ಎಲ್ಲಕ್ಕೂ ಡೇಟಾಬೇಸ್ ಬೇಕಾದರೆ 190 ಕಾಯಬೇಕು. 30 ಸೆಕೆಂಡಿನೊಳಗೆ ಕನೆಕ್ಷನ್ ಸಿಗದ ಕೋರಿಕೆಗೆ ಎರರ್.

10 ಕಡಿಮೆಯಾಯಿತೇ? ಲೆಕ್ಕ ಹಾಕಿ. ಒಂದು ಕೋರಿಕೆ ಕನೆಕ್ಷನ್ನನ್ನು 20 ಮಿಲಿಸೆಕೆಂಡ್ ಹಿಡಿದುಕೊಂಡರೆ, 10 ಕನೆಕ್ಷನ್‌ಗಳಿಂದ ಸೆಕೆಂಡಿಗೆ 500 ಕೋರಿಕೆ ಸಾಗುತ್ತವೆ. ಟ್ರಾನ್ಸಾಕ್ಷನ್ ಎಂದರೆ ಪೂರ್ತಿ ಆಗಬೇಕಾದ, ಇಲ್ಲವೇ ಆಗಲೇಬಾರದ ಡೇಟಾಬೇಸ್ ಕೆಲಸಗಳ ಕಂತೆ; ಅದು ಮುಗಿಯುವವರೆಗೂ ಕನೆಕ್ಷನ್ ಬಿಡುವಂತಿಲ್ಲ. ಅದರೊಳಗೇ ಹೊರಗಿನ ಪಾವತಿ ಸೇವೆಯನ್ನು ಕರೆದು 2 ಸೆಕೆಂಡ್ ಕಾದರೆ? ಸೆಕೆಂಡಿಗೆ ಬರೀ 5. ಸರ್ವರಿನ ಪ್ರೊಸೆಸರ್ ಬಿಡುವಾಗಿರುತ್ತದೆ, ಡೇಟಾಬೇಸೂ ಬಿಡುವಾಗಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಎಷ್ಟೋ ತಂಡಗಳು ದಾರಿ ತಪ್ಪುವುದು ಇಲ್ಲೇ.

ಪರಿಹಾರವೆಂದರೆ ಕೆಲಸವನ್ನು ಒಡೆಯುವುದು. ಮೊದಲು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ಆರ್ಡರನ್ನು ‘ಬಾಕಿ’ ಎಂದು ಬರೆದು ಕಮಿಟ್ ಮಾಡಿ, ಅಂದರೆ ಖಾಯಂಗೊಳಿಸಿ. ಪಾವತಿ ಸೇವೆಯನ್ನು ಟ್ರಾನ್ಸಾಕ್ಷನ್ ಆಚೆ ಕರೆಯಿರಿ, ಆ ಕರೆಗೂ ಒಂದು ಟೈಮ್‌ಔಟ್ ಇಡಿ. ಉತ್ತರ ಬಂದ ಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ಫಲಿತಾಂಶ ಬರೆಯಿರಿ. ನಡುವೆ ಸರ್ವರ್ ಬಿದ್ದುಹೋದರೆ ‘ಬಾಕಿ’ ದಾಖಲೆ ಹಾಗೇ ಉಳಿದಿರುತ್ತದೆ. ಅಂಥವನ್ನು ಹುಡುಕಿ, ಮೊದಲಿನ ರೆಫರೆನ್ಸ್ ಸಂಖ್ಯೆಯಿಂದಲೇ ಪಾವತಿ ಸೇವೆಯನ್ನು ವಿಚಾರಿಸುವ ಹಿನ್ನೆಲೆ ಜಾಬ್ ಒಂದನ್ನು ಓಡಿಸಬೇಕು. ಹೊಸ ಸಂಖ್ಯೆ ಕೊಟ್ಟರೆ ಗ್ರಾಹಕರ ಹಣ ಎರಡು ಸಲ ಕಡಿತವಾದೀತು.

ಪೂಲನ್ನೇ ಹಿಗ್ಗಿಸಿಬಿಡೋಣ ಎನ್ನುವವರು ಆಚೆ ಬದಿಯನ್ನೂ ನೋಡಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮಾಮೂಲಾಗಿ 100 ಕನೆಕ್ಷನ್ ಒಪ್ಪುತ್ತದೆ. ಅದರಲ್ಲಿ 3 ಸೂಪರ್‌ಯೂಸರಿಗೆ, ಅಂದರೆ ಡೇಟಾಬೇಸ್ ನಿರ್ವಾಹಕರಿಗೆ, ಮೀಸಲು. ತಲಾ 10 ಕನೆಕ್ಷನ್ ಹಿಡಿಯುವ 10 ಅಪ್ಲಿಕೇಷನ್ ಸರ್ವರ್‌ಗಳಿದ್ದರೆ ಬೇಕಾದದ್ದು 100, ಇರುವುದು 97. ಹೊಸ ಆವೃತ್ತಿ ಏರಿಸುವಾಗ ಹಳೆಯ ಸರ್ವರ್‌ಗಳೂ ಹೊಸವೂ ಕೆಲಹೊತ್ತು ಜೊತೆಯಾಗಿ ಓಡುತ್ತವೆ. ದಟ್ಟಣೆಗೆ ತಕ್ಕಂತೆ ಸರ್ವರ್‌ಗಳು ತಾವಾಗಿ ಹೆಚ್ಚುವುದೂ ಉಂಟು. ಸರ್ವರ್‌ಗಳ ಆ ಗರಿಷ್ಠ ಸಂಖ್ಯೆಯನ್ನು ಪೂಲಿನ ಗಾತ್ರದಿಂದ ಗುಣಿಸಿ, ಡೇಟಾಬೇಸಿನ ಮಿತಿಯೊಳಗೆ ಇಟ್ಟುಕೊಳ್ಳಿ.

ಸ್ಪ್ರಿಂಗ್ ಬೂಟಿನಲ್ಲಿ ಜೆಪಿಎ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿನ ಕೋಷ್ಟಕಗಳಿಗೆ ಹೊಂದಿಸುವ ವ್ಯವಸ್ಥೆ) ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ‘ಓಪನ್ ಇನ್ ವ್ಯೂ’ ಎಂಬ ಸೆಟ್ಟಿಂಗ್ ತಾನಾಗಿ ಚಾಲೂ ಇರುತ್ತದೆ. ಅದರಿಂದಾಗಿ ಟ್ರಾನ್ಸಾಕ್ಷನ್ ಮುಗಿದ ಮೇಲೂ ಉತ್ತರ ಸಿದ್ಧವಾಗುವವರೆಗೆ ಕನೆಕ್ಷನ್ ಬಿಡುಗಡೆಯಾಗದೆ ಉಳಿಯಬಹುದು. ಹೊಸ ಪ್ರಾಜೆಕ್ಟಿನಲ್ಲಿ ಮೊದಲ ದಿನವೇ ಅದನ್ನು ಆಫ್ ಮಾಡುವುದು ಲೇಸು. ಹಳೆಯದರಲ್ಲಿ ಆಫ್ ಮಾಡಿದರೆ, ಬೇಕಾದಾಗ ತಂದರಾಯಿತು ಎಂದು ಬಿಟ್ಟಿದ್ದ ಮಾಹಿತಿ ಆಮೇಲೆ ಸಿಗದೆ ಲೇಜಿ ಇನಿಶಿಯಲೈಸೇಷನ್ ಎರರ್‌ಗಳು ಏಳಬಹುದು. ಬೇಕಾದ ಮಾಹಿತಿಯನ್ನು ವ್ಯವಹಾರದ ನಿಯಮಗಳಿರುವ ಸರ್ವಿಸ್ ಹಂತದಲ್ಲೇ, ಹಲವು ಕೋಷ್ಟಕಗಳನ್ನು ಒಟ್ಟಿಗೆ ಓದುವ ಜಾಯಿನ್ ಕ್ವೆರಿಯಿಂದ ತರಿಸಿಕೊಳ್ಳಬೇಕಾಗುತ್ತದೆ.

ಟ್ರಾನ್ಸಾಕ್ಷನ್ ವಿಷಯ ಬಂದಿತಲ್ಲ: ಸ್ಪ್ರಿಂಗ್ ಮಾಮೂಲಾಗಿ ರೋಲ್‌ಬ್ಯಾಕ್ ಮಾಡುವುದು, ಅಂದರೆ ಬರೆದದ್ದನ್ನು ರದ್ದುಪಡಿಸುವುದು, ರನ್‌ಟೈಮ್ ಎಕ್ಸೆಪ್ಷನ್ ಮತ್ತು ಎರರ್‌ಗಳಿಗೆ ಮಾತ್ರ. ಕೋಡಿನಲ್ಲಿ ಹಿಡಿಯಬೇಕಾದ ಇಲ್ಲವೇ ಘೋಷಿಸಬೇಕಾದ ಚೆಕ್ಡ್ ಎಕ್ಸೆಪ್ಷನ್ ಎಂಬ ಬಗೆಯ ದೋಷ ಎದ್ದರೆ ಅರ್ಧ ಬರೆದದ್ದೂ ಕಮಿಟ್ ಆಗುತ್ತದೆ. ಹಾಗಾಗಬಾರದೆಂದರೆ ‘ರೋಲ್‌ಬ್ಯಾಕ್ ಫಾರ್’ ಎಂದು ಸ್ಪಷ್ಟವಾಗಿ ಹೇಳಬೇಕು.

ಕನೆಕ್ಷನ್ ಯಾರ ಕೈಯಲ್ಲಿ ಉಳಿದಿದೆ ಎಂದು ಕಂಡುಹಿಡಿಯಲು ಹಿಕಾರಿಯಲ್ಲೇ ಲೀಕ್ ಡಿಟೆಕ್ಷನ್ ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಪರೀಕ್ಷಾ ಸರ್ವರಿನಲ್ಲಿ ಅದಕ್ಕೆ 5 ಸೆಕೆಂಡಿನ ಮಿತಿ ಕೊಡಿ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದ ಕೋಡಿನ ಜಾಡು ಲಾಗಿನಲ್ಲಿ ಸಾಲುಸಂಖ್ಯೆ ಸಮೇತ ಸಿಗುತ್ತದೆ. ನಿಜವಾದ ಸರ್ವರಿನಲ್ಲಿ ಪೂಲಿನ ‘ಪೆಂಡಿಂಗ್’ ಸಂಖ್ಯೆಯ, ಅಂದರೆ ಕನೆಕ್ಷನ್ನಿಗಾಗಿ ಕಾಯುತ್ತಿರುವವುಗಳ ಸಂಖ್ಯೆಯ, ಮೇಲೆ ಕಣ್ಣಿಡಿ. ಕ್ವೆರಿಗಳು ಬೇಗ ಮುಗಿಯುತ್ತಿದ್ದರೂ ಅದು ಸೊನ್ನೆಗೆ ಇಳಿಯದಿದ್ದರೆ, ಪೂಲಿನ ಗಾತ್ರ ಮುಟ್ಟುವ ಮೊದಲು ಟ್ರಾನ್ಸಾಕ್ಷನ್ ಒಳಗಿನ ಹೊರಕರೆಗಳನ್ನು ಹುಡುಕಿ. ನಮಸ್ಕಾರ.