ಎಬೋಲಾ: ಮೊದಲು ಗುಂಡಿ ತೋಡುವವರ ಕೂಲಿ ಕೊಡಿ

ನಮಸ್ಕಾರ. ಎಬೋಲಾ ಅಂದ ಕೂಡಲೇ ಟಿವಿಯವರು ತೋರಿಸೋದು ವಿಮಾನ ನಿಲ್ದಾಣದಲ್ಲಿ ಹಣೆಗೆ ಹಿಡಿಯೋ ಥರ್ಮಾಮೀಟರು. ಸೋಂಕು ತಗಲಿದ ಮೇಲೆ ಲಕ್ಷಣ ಕಾಣೋಕೆ 2ರಿಂದ 21 ದಿನ ಹಿಡಿಯುತ್ತೆ. ಅಷ್ಟರೊಳಗೆ ಪ್ರಯಾಣ ಮಾಡಿದವನಿಗೆ ಜ್ವರವೇ ಇರಲ್ಲ, ಯಂತ್ರಕ್ಕೆ ಸಿಗಲ್ಲ. ಹಾಗಂತ ಆಗ ಅವನಿಂದ ರೋಗವೂ ಹರಡಲ್ಲ. ಹರಡೋದು ಕಾಯಿಲೆ ಜೋರಾದಾಗ, ವಾಂತಿ, ಭೇದಿ, ರಕ್ತದಿಂದ. ಮೈಯಲ್ಲಿ ವೈರಸ್ ತುಂಬಿ ತುಳುಕೋದು ಸಾಯೋ ಹೊತ್ತಿಗೆ, ಸತ್ತ ಮೇಲೂ ಅದು ದಿನಗಟ್ಟಲೆ ಜೀವಂತ. ಹಾಗಾಗಿ ನಿಗಾ ಇಡಬೇಕಾದ್ದು ಅಂತ್ಯಕ್ರಿಯೆ ಮೇಲೆ.

2013ರ ಡಿಸೆಂಬರ್, ಪಶ್ಚಿಮ ಆಫ್ರಿಕಾದ ಗಿನಿ ದೇಶದ ಗೆಕೆಡು ಪ್ರಾಂತ್ಯದ ಮೆಲಿಯಾಂಡು ಅನ್ನೋ ಹಳ್ಳಿ. ಮೊದಲು ಸತ್ತಿದ್ದು ಒಂದು ಪುಟ್ಟ ಮಗು. ಬಾವಲಿಯಿಂದ ಬಂತು ಅನ್ನೋದು ಬಲವಾದ ಅನುಮಾನ, ಸಾಬೀತಾಗಿಲ್ಲ. ಆ ಹಾವಳಿಯಲ್ಲಿ ಪ್ರಾಣಿಯಿಂದ ಮನುಷ್ಯನಿಗೆ ದಾಟಿದ್ದು ಆ ಒಂದೇ ಸಲ. ಆಮೇಲಿನದೆಲ್ಲ ಮನುಷ್ಯನಿಂದ ಮನುಷ್ಯನಿಗೆ. ಎಬೋಲಾ ಅಂತ ಪತ್ತೆಯಾಗಿದ್ದು 2014ರ ಮಾರ್ಚ್‌ನಲ್ಲಿ. ಸಿಯೆರಾ ಲಿಯೋನ್, ಲೈಬೀರಿಯಾ ಎರಡೂ ಗಡಿ ಅಲ್ಲೇ ಪಕ್ಕ. ಸಂತೆಗೂ ಸಾವಿಗೂ ಜನ ದಿನಾ ದಾಟ್ತಾರೆ. ಒಟ್ಟು ಸೋಂಕಿತರು 28,600ಕ್ಕೂ ಹೆಚ್ಚು, ಸತ್ತವರು 11,300ಕ್ಕೂ ಹೆಚ್ಚು.

2014ರ ಆಗಸ್ಟ್ ಹೊತ್ತಿಗೆ ಗಿನಿಯ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಶೇ 60ರಷ್ಟು ಪ್ರಕರಣಗಳ ನಂಟು ಅಂತ್ಯಕ್ರಿಯೆಗೇ ಇತ್ತು. ಹೆಣ ತೊಳೆಯೋದು, ಮುಟ್ಟಿ ಅಳೋದು. "ಮೂಢನಂಬಿಕೆ" ಅಂತ ಬರೆದವರು ಬೇಕಾದಷ್ಟು ಜನ. ಹೆತ್ತ ತಾಯಿಯ ಹೆಣಕ್ಕೆ ಸ್ನಾನ ಮಾಡಿಸೋದು ನಮ್ಮಲ್ಲೂ ಇದೆಯಲ್ಲ, ಅದು ಯಾವ ಮೂಢನಂಬಿಕೆ?

ಅಧಿಕಾರಿಗಳು ಎಡವಿದ್ದೇ ಇಲ್ಲಿ. ಲೈಬೀರಿಯಾ ಸರ್ಕಾರ ರಾಜಧಾನಿ ಮನ್ರೋವಿಯಾದಲ್ಲಿ ಹೆಣಗಳನ್ನ ಸುಡೋಕೆ ಆದೇಶ ಕೊಡ್ತು. ಸುಡೋ ಪದ್ಧತಿಯೇ ಇಲ್ಲದ ಊರು. ಬಳಸಿದ್ದು ಅಲ್ಲಿನ ಭಾರತೀಯರು ತಮಗಾಗಿ ಕಟ್ಟಿಕೊಂಡಿದ್ದ ಚಿತಾಗಾರ. ಸುಡುವವರೂ ಹೂಳುವವರೂ ಒಂದೇ ಬೀದೀಲಿರೋ ನಮಗೆ ಇದು ಅರ್ಥವಾಗಬೇಕು. ಸಮಾಧಿ ಮಾಡೋ ಲಿಂಗಾಯತರ ಮನೆಗೆ ಬಂದು "ಸುಟ್ಟುಬಿಡ್ತೀವಿ" ಅಂದ್ರೆ ಬಾಗಿಲು ತೆಗೀತಾರಾ? ಅಲ್ಲೂ ಜನ ರೋಗಿಗಳನ್ನ ಬಚ್ಚಿಟ್ರು, ರಾತ್ರಿ ಗುಟ್ಟಾಗಿ ಹೂತರು. ವರ್ಷದ ಕೊನೆಗೆ ಬೇರೆ ಸ್ಮಶಾನ ಮಾಡಿಕೊಟ್ಟು ಸುಡೋದನ್ನ ಕೈಬಿಟ್ರು.

ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕ್ರಮ ಬರೆದು ಕೊಡ್ತು, 12 ಹಂತ. ಹೂಳೋ ತಂಡ ಮೈಪೂರ್ತಿ ಮುಚ್ಚೋ ರಕ್ಷಣಾ ಸೂಟು ಹಾಕಿಕೊಂಡು ಬರೋ ಹಾಗಿಲ್ಲ. ಮಾಮೂಲಿ ಬಟ್ಟೆಯಲ್ಲೇ ಬಂದು ಮನೆಯವರನ್ನ ಮಾತಾಡಿಸಬೇಕು, ಏನು ಮಾಡ್ತೀವಿ ಅಂತ ವಿವರಿಸಿ ಒಪ್ಪಿಗೆ ತಗೋಬೇಕು, ಆಮೇಲೆ ಸೂಟು. ಹೆಣ ಚೀಲಕ್ಕೆ ಹಾಕಿ ಮುಚ್ಚಿ, ಚೀಲದ ಹೊರಮೈಗೆ ಕ್ಲೋರಿನ್. ಮುಸ್ಲಿಮರಾದ್ರೆ ನೀರಿನ ಸ್ನಾನದ ಬದಲು ಒಣ ಶುದ್ಧಿ: ತಯಮ್ಮುಮ್. ಗುಂಡಿ ಸುಮಾರು 2 ಮೀಟರ್ ಆಳ. ತೋಡೋದು ಮನೆಯವರೇ ಆಗಬಹುದು. ಪ್ರಾರ್ಥನೆಗೆ ಸಮಯ ಕೊಡಲೇಬೇಕು. ತಂಡ ಬರೋದು ಎರಡು ದಿನ ತಡವಾದ್ರೆ ಇದೆಲ್ಲ ದಂಡ, ಅಷ್ಟರಲ್ಲಿ ಮನೆಯವರೇ ತೊಳೆದಿರ್ತಾರೆ.

ಕ್ಲೋರಿನ್ ಕಲಸೋದ್ರಲ್ಲೂ ಎಡವಟ್ಟು ಜಾಸ್ತಿ. ಹೆಣಕ್ಕೆ, ನೆಲಕ್ಕೆ ಶೇ 0.5, ಬರಿಗೈ ತೊಳೆಯೋಕೆ ಶೇ 0.05. ಶೇ 70 ಕ್ಲೋರಿನ್ ಇರೋ ಪುಡಿಯಾದ್ರೆ ಶೇ 0.5ರ ಗಟ್ಟಿ ದ್ರಾವಣಕ್ಕೆ ಲೀಟರಿಗೆ 7 ಗ್ರಾಂ, 20 ಲೀಟರ್ ಬಕೆಟ್‌ಗೆ 140. ನಮ್ಮಲ್ಲಿ ಸಿಗೋ ಬ್ಲೀಚಿಂಗ್ ಪೌಡರಿನ ಶಕ್ತಿ ಹೆಚ್ಚೂಕಮ್ಮಿ ಅದರ ಅರ್ಧ, ಈ ಅಳತೆ ಅದಕ್ಕೆ ನಡೆಯಲ್ಲ. ಗಟ್ಟಿ ದ್ರಾವಣ ಒಂದು ಪಾಲಿಗೆ ನೀರು ಒಂಬತ್ತು ಪಾಲು ಬೆರೆಸಿದ್ರೆ ಕೈ ತೊಳೆಯೋ ದ್ರಾವಣ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಎರಡಕ್ಕೂ ದೊಡ್ಡದಾಗಿ ಚೀಟಿ ಅಂಟಿಸಬೇಕು. ಅದಲುಬದಲಾದ್ರೆ ಒಂದು ಕಡೆ ಚರ್ಮ ಸುಡುತ್ತೆ, ಇನ್ನೊಂದು ಕಡೆ ವೈರಸ್ ಉಳಿಯುತ್ತೆ. ಬಿಸಿಲಿಗೆ ಶಕ್ತಿ ಇಳಿಯುತ್ತೆ, ದಿನಾ ಹೊಸದಾಗಿ ಕಲಸಬೇಕು. ರಕ್ತ, ವಾಂತಿ ದಪ್ಪಗೆ ಬಿದ್ದಿದ್ರೆ ಅದೇ ಕ್ಲೋರಿನ್ನನ್ನ ತಿಂದುಹಾಕುತ್ತೆ. ಸುರಿದು, ಒರೆಸಿ, ಮತ್ತೆ ಹಾಕಬೇಕು.

ಸಂಪರ್ಕಿತರನ್ನ 21 ದಿನ ನೋಡಿಕೊಳ್ಳೋದು ಇನ್ನೊಂದು ಕೆಲಸ. ನೈಜೀರಿಯಾದ ಲಾಗೋಸ್ ನಗರಕ್ಕೆ 2014ರ ಜುಲೈನಲ್ಲಿ ಒಬ್ಬ ಪ್ರಯಾಣಿಕನಿಂದ ರೋಗ ಬಂತು. ನೈಜೀರಿಯಾದವರು ಸುಮಾರು 900 ಜನರ ಬೆನ್ನು ಹತ್ತಿ, ಮನೆಮನೆಗೆ ಹೋಗಿ ಜ್ವರ ನೋಡಿ, 20 ಪ್ರಕರಣಕ್ಕೆ ನಿಲ್ಲಿಸಿದ್ರು.

"ಈಗ ಲಸಿಕೆ ಇದೆಯಲ್ಲ" ಅಂತೀರಿ. ಇದೆ, ಗಿನಿಯಲ್ಲೇ ಪರೀಕ್ಷೆಯಾದ ಒಳ್ಳೆ ಲಸಿಕೆ. ಆದ್ರೆ ಅದು ಎಬೋಲಾದ ಝೈರ್ ಅನ್ನೋ ತಳಿಗೆ ಮಾತ್ರ, ಇಡಬೇಕಾದ್ದು ಮೈನಸ್ 60 ಡಿಗ್ರಿಗಿಂತ ಕೆಳಗೆ. 2022ರಲ್ಲಿ ಉಗಾಂಡಾಕ್ಕೆ ಬಂದಿದ್ದು ಸುಡಾನ್ ತಳಿ, ಅದಕ್ಕೆ ಅನುಮತಿ ಪಡೆದ ಲಸಿಕೆಯೇ ಇರಲಿಲ್ಲ. ಸಂಪರ್ಕಿತರ ಹುಡುಕಾಟ, ಪ್ರತ್ಯೇಕ ವಾಸ, ಎಚ್ಚರದ ಅಂತ್ಯಕ್ರಿಯೆ, ಇಷ್ಟರಲ್ಲೇ 2023ರ ಜನವರಿಗೆ ಮುಗಿಸಿದ್ರು.

ಇಷ್ಟು ಮುಖ್ಯವಾದ ಕೆಲಸ ಮಾಡೋರನ್ನ ನಡೆಸಿಕೊಂಡಿದ್ದು ಹೇಗೆ ಗೊತ್ತಾ? 2014ರ ನವೆಂಬರ್, ಸಿಯೆರಾ ಲಿಯೋನ್‌ನ ಕೆನೆಮಾ ಪಟ್ಟಣ. ವಾರಗಟ್ಟಲೆ ಅಪಾಯ ಭತ್ಯೆ ಬರದೆ ರೋಸಿಹೋದ ಹೂಳುವ ಕೆಲಸಗಾರರು ಮುಷ್ಕರ ಹೂಡಿ, ಹೆಣಗಳನ್ನ ತಂದು ಆಸ್ಪತ್ರೆ ಬಾಗಿಲಲ್ಲೇ ಹಾಕಿದ್ರು. ಸರ್ಕಾರ ಅವರನ್ನ ಕೆಲಸದಿಂದ ತೆಗೀತು.