ಜ್ಯಾಕ್ ಲಲೇನ್ ಅವರ ಕುರ್ಚಿ

ಕೇಳುಗರಿಗೆ ನಮಸ್ಕಾರ.

ಧಾರವಾಡದ ಕೆಲಗೇರಿ ಕೆರೆ ದಂಡೆಗೆ ಬೆಳಿಗ್ಗೆ ಹೋಗಿ ನೋಡಿ. ಗಂಡಸರು ಗುಂಪು ಗುಂಪಾಗಿ ನಡೆಯುತ್ತಿರುತ್ತಾರೆ. ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹೆಂಗಸರು ಒಲೆ ಮುಂದೆ ರೊಟ್ಟಿ ಬಡಿಯುತ್ತಿರುತ್ತಾರೆ. "ಮನಿ ಕೆಲಸಾನ ವ್ಯಾಯಾಮ ಅಲ್ಲೇನ್ರಿ?" ಅಂತ ನಮ್ಮ ಓಣಿಯ ಅಕ್ಕ ಒಬ್ಬರು ಕೇಳಿದರು. ಕೇಳುತ್ತಲೇ ಮಂಚದಿಂದ ಏಳಲು ಎರಡೂ ಕೈ ಊರಿದರು. "ಯವ್ವಾ" ಅಂದರು. ಆ ಊರಿದ ಕೈ ನೋಡಿ ನನಗೆ ಜ್ಯಾಕ್ ಲಲೇನ್ ನೆನಪಾದರು.

ಅವರು ಅಮೆರಿಕದ ವ್ಯಾಯಾಮ ಶಿಕ್ಷಕರು, 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಸಿಹಿ ತಿನ್ನುವ ಹುಚ್ಚು, ಸದಾ ತಲೆನೋವು, ಮೂಗಿನ ತುದಿಯಲ್ಲೇ ಸಿಟ್ಟು. 15ನೇ ವಯಸ್ಸಿನಲ್ಲಿ ತಾಯಿ ಅವರನ್ನು ಪಾಲ್ ಬ್ರ್ಯಾಗ್ ಎಂಬುವರ ಭಾಷಣಕ್ಕೆ ಕರೆದುಕೊಂಡು ಹೋದರು. ಊಟದ ಬಗ್ಗೆ, ಆರೋಗ್ಯದ ಬಗ್ಗೆ ಭಾಷಣ. ಹುಡುಗ ಸಕ್ಕರೆ ಬಿಟ್ಟ, ಸಾಮು ಹಿಡಿದ. ಆ ತಾಯಿಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಮಾತ್ರ ಕಥೆ ಶುರುವಾಗುವುದೇ ಅವರಿಂದ.

1936ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಜಿಮ್ ತೆರೆದರು. ಡಾಕ್ಟರುಗಳೇ ಬೇಡ ಅಂದರು. ಭಾರ ಎತ್ತಿದರೆ ಹಾರ್ಟ್ ಅಟ್ಯಾಕ್ ಆಗುತ್ತದೆ, ಹೆಂಗಸರು ಗಂಡಸರ ಹಾಗೆ ಕಾಣುತ್ತಾರೆ ಅಂತೆಲ್ಲ ಹೆದರಿಸಿದರು. ನಮ್ಮ ಹಳೆಯ ಗರಡಿಮನೆಗಳಿಗೂ ಹೆಂಗಸರು ಕಾಲಿಡುವ ಹಾಗಿರಲಿಲ್ಲ, ಅಲ್ವಾ?

ಹೆಂಗಸರು ಜಿಮ್ಮಿಗೆ ಬರದಿದ್ದರೆ ಜಿಮ್ಮೇ ಅವರ ಮನೆಗೆ ಹೋಗಬೇಕಲ್ಲ. 1951ರಲ್ಲಿ ಲಲೇನ್ ಟಿವಿಗೆ ಬಂದರು. ಬೆಳಗಿನ ಹೊತ್ತು, ಮನೆಯಲ್ಲಿರುವ ಹೆಂಗಸರಿಗಾಗಿಯೇ. ಯಂತ್ರ ಇಲ್ಲ, ಕಬ್ಬಿಣದ ಗುಂಡು ಇಲ್ಲ. ಒಂದು ಕುರ್ಚಿ, ಅಷ್ಟೇ. ಜೊತೆಗೆ ಹ್ಯಾಪಿ ಅನ್ನುವ ಬಿಳಿ ನಾಯಿ. ನಾಯಿ ನೋಡಲು ಮಕ್ಕಳು ಟಿವಿ ಮುಂದೆ ಕೂರುತ್ತಿದ್ದರು. ಆಗ ಲಲೇನ್, ಹೋಗಿ ಅಮ್ಮನನ್ನು ಕರೆದುಕೊಂಡು ಬನ್ನಿ ಅನ್ನುತ್ತಿದ್ದರು! ಕೆಲಸ ಮುಗಿಯದ ತಾಯಿಯನ್ನು ಅಡುಗೆಮನೆಯಿಂದ ಎಬ್ಬಿಸಲು ಮಗುವಿಗಿಂತ ಒಳ್ಳೆಯ ದೂತ ಯಾರು? ಆ ಕಾರ್ಯಕ್ರಮ 1985ರವರೆಗೂ ನಡೆಯಿತು.

70ನೇ ವಯಸ್ಸಿನಲ್ಲಿ ಕೈಗೆ ಬೇಡಿ, ಕಾಲಿಗೂ ಬೇಡಿ ಹಾಕಿಸಿಕೊಂಡು, 70 ದೋಣಿಗಳನ್ನು ಲಾಂಗ್ ಬೀಚ್ ಬಂದರಿನಲ್ಲಿ ಈಜುತ್ತಾ ಎಳೆದರು. ಪೇಪರುಗಳಲ್ಲಿ ಬರುವಂಥ ಸಾಹಸ ಅದು. ನನಗೆ ಮಾತ್ರ ಆ ಕುರ್ಚಿಯೇ ದೊಡ್ಡದು. 2011ರಲ್ಲಿ, 96 ತುಂಬಿದ ಮೇಲೆ ಅವರು ತೀರಿಕೊಂಡರು.

ಈಗ ನಮ್ಮ ಪಡಸಾಲೆಯಲ್ಲಿ ಹನ್ನೊಂದು ಗಂಟೆಗೆ ಎಂಟು ಜನ ಕುರ್ಚಿ ವ್ಯಾಯಾಮಕ್ಕೆ ಸೇರುತ್ತೇವೆ. ಮೊದಲ ದಿನ ಆ ಅಕ್ಕ ಕೈ ಊರಿ ಮೂರು ಸಲ ಎದ್ದಿದ್ದರು. ಎರಡು ತಿಂಗಳಾದ ಮೇಲೆ, ಕೈ ಊರದೆ ಹತ್ತು ಸಲ. ಆವತ್ತು ಅವರೇ ಎಲ್ಲರಿಗೂ ಚಹಾ ಮಾಡಿಕೊಟ್ಟರು.

ನಿಮ್ಮ ರೇಡಿಯೋ ಹತ್ತಿರವೂ ಒಂದು ಕುರ್ಚಿ ಇರಬಹುದು. ಕುರ್ಚಿಯ ಬೆನ್ನು ಗೋಡೆಗೆ ತಾಗುವ ಹಾಗೆ ಇಡಿ. ತುದಿಗೆ ಬಂದು ಕೂತುಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ಊರಿ. ಸುಮ್ನೆ ಸ್ವಲ್ಪ ಮುಂದೆ ಬಾಗಿ. ಆಗದಿದ್ದರೆ ಕೈ ಊರಿಕೊಳ್ಳಿ, ನಾಚಿಕೆ ಬೇಡ. ನಾನು ಎಣಿಸುತ್ತೇನೆ, ಏಳಿ.

ಒಂದು. ಎರಡು. ಮೂರು.